ಕಾಡು, ಕೆರೆ, ಬೆಟ್ಟದ ಮಣ್ಣುದಾರಿಗಳು: ಗ್ರಾವೆಲ್ ಸೈಕಲ್‌ಗೆ ಕರ್ನಾಟಕದ ಐದು ಮಾರ್ಗಗಳ ಹೋಲಿಕೆ

ಡಾಂಬರು ಮುಗಿದು ಮಣ್ಣುದಾರಿ ಶುರುವಾಗುವಲ್ಲಿ ರೋಡ್ ಸೈಕಲ್ ಹಿಂತಿರುಗಬೇಕಾಗುತ್ತದೆ. ಗ್ರಾವೆಲ್ ಸೈಕಲ್‌ಗೆ ಕೆಲಸ ಸಿಗುವುದೇ ಅಲ್ಲಿ. ಬಾಗಿದ ಹ್ಯಾಂಡಲ್ ಮತ್ತು ಹಗುರವಾದ ಚೌಕಟ್ಟು ರೋಡ್ ಸೈಕಲ್‌ನವೇ ಆದರೂ, 40 ಮಿಲಿಮೀಟರ್ ಆಸುಪಾಸಿನ ಅಗಲದ ಟೈರು, ಡಿಸ್ಕ್ ಬ್ರೇಕು ಮತ್ತು ಕಡಿದಾದ ಏರಿಗೆ ಒದಗುವ ಸಣ್ಣ ಗೇರುಗಳಿಂದಾಗಿ ಬಂಡಿದಾರಿ, ಕೆರೆಯ ಏರಿ, ಕಾಲುವೆಯ ಬದಿ, ಕಾಫಿ ತೋಟದ ಅಂಚಿನ ರಸ್ತೆ ಇವೆಲ್ಲವೂ ಅದಕ್ಕೆ ಸಲ್ಲುತ್ತವೆ. ಇಂಥ ದಾರಿಗಳು ಕರ್ನಾಟಕದಲ್ಲಿ ಹೇರಳವಾಗಿರುವುದರಿಂದಲೇ ಆಯ್ಕೆ ಕಷ್ಟವಾಗುತ್ತದೆ. ಬಹುತೇಕರು ಫೋಟೊ ನೋಡಿ ಮಾರ್ಗವನ್ನು ಆರಿಸುತ್ತಾರೆ, ರಜೆ ಸಿಕ್ಕ ವಾರ ಹೊರಡುತ್ತಾರೆ, ಹೋದ ಮೇಲೆ ಚಕ್ರಕ್ಕೆ ಮೆತ್ತಿದ ಮಣ್ಣನ್ನು ಕಡ್ಡಿಯಿಂದ ಕೆರೆಯುತ್ತ ಅರ್ಧ ದಿನ ಕಳೆಯುತ್ತಾರೆ.

ಮಾರ್ಗವನ್ನು ಆರಿಸುವಾಗ ಮೊದಲು ನೋಡಬೇಕಾದದ್ದು ಮಣ್ಣಿನ ಗುಣ, ಅದರ ಬೆನ್ನಿಗೇ ಮಳೆಯ ಲೆಕ್ಕ, ಆಮೇಲೆ ಕಾಡಿನ ಕಾನೂನು ಮತ್ತು ಪ್ರಾಣಿಗಳ ಓಡಾಟ ಎಂಬುದು ನನ್ನ ದೃಢವಾದ ಅಭಿಪ್ರಾಯ. ನೋಟದ ವಿಷಯವನ್ನು ಕೊನೆಗೆ ಬಿಟ್ಟರೂ ನಷ್ಟವಿಲ್ಲ. ಇಲ್ಲಿ ಹೋಲಿಸುತ್ತಿರುವ ಐದು ಮಾರ್ಗಗಳಲ್ಲಿ ಯಾವುದೂ ಆ ವಿಷಯದಲ್ಲಿ ಬಡವಲ್ಲ. ಬೆಂಗಳೂರಿನ ಉತ್ತರಕ್ಕೆ ನಂದಿ, ಘಾಟಿ ಸುಬ್ರಹ್ಮಣ್ಯ ಮತ್ತು ಮಾಕಳಿದುರ್ಗದ ಸುತ್ತು. ಪಶ್ಚಿಮಕ್ಕೆ ಸಾವನದುರ್ಗ ಮತ್ತು ಮಂಚನಬೆಲೆಯ ಸುತ್ತು. ಕಡೂರಿನಿಂದ ಅಯ್ಯನಕೆರೆಯ ಮೂಲಕ ಚಿಕ್ಕಮಗಳೂರಿಗೆ ಹೋಗುವ ದಾರಿ. ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ದಾರಿಗಳು. ತುಂಗಭದ್ರೆಯ ಎಡದಂಡೆಯ ಆನೆಗೊಂದಿ ಮತ್ತು ಸಾಣಾಪುರದ ಪ್ರದೇಶ. ಮುಂದೆ ಹೇಳುವ ದೂರಗಳೆಲ್ಲ ಸುಮಾರಿನ ಲೆಕ್ಕಗಳು, ಏಕೆಂದರೆ ಮಣ್ಣುದಾರಿಯಲ್ಲಿ ಒಂದು ಬೇಲಿ ಹೊಸದಾಗಿ ಎದ್ದರೂ ನಾಲ್ಕು ಕಿಲೊಮೀಟರ್ ಬಳಸಬೇಕಾಗುತ್ತದೆ.

ಮೂರು ಬಗೆಯ ನೆಲ

ಬೆಂಗಳೂರು, ಚಿಕ್ಕಬಳ್ಳಾಪುರ ಮತ್ತು ಮಾಗಡಿ ಕಡೆಯ ನೆಲ ಬೆಣಚು ಸೇರಿದ ಕರಿಗಲ್ಲು ಕರಗಿ ಆದ ಕೆಂಪು ಗರಸು. ನೀರು ಬೇಗ ಇಂಗುವುದರಿಂದ ಹದವಾದ ಮಳೆ ಬಿದ್ದ ಮರುದಿನ ಈ ದಾರಿಗಳು ಗಟ್ಟಿಯಾಗಿ, ಧೂಳಿಲ್ಲದೆ, ಟೈರಿಗೆ ಒಳ್ಳೆಯ ಹಿಡಿತ ಕೊಡುತ್ತವೆ. ಇದೇ ಗರಸು ಫೆಬ್ರವರಿಯ ನಂತರ ಒಣಗಿದಾಗ ಮಾತು ಬದಲಾಗುತ್ತದೆ. ಗಟ್ಟಿ ತಳದ ಮೇಲೆ ಸಣ್ಣ ಹರಳು ಸಡಿಲವಾಗಿ ಹರಡಿ, ಸಾರಿಸಿದ ಕಣದ ಮೇಲೆ ರಾಗಿ ಚೆಲ್ಲಿದಂತೆ ಆಗುವ ಇಳಿಜಾರಿನ ತಿರುವುಗಳಲ್ಲಿ ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದವರು ಬೀಳದೆ ಇರುವುದು ಅಪರೂಪ.

ಮಲೆನಾಡಿನ ಪಶ್ಚಿಮ ಭಾಗದ ಕೆಮ್ಮಣ್ಣು ಮತ್ತು ಜಂಬಿಟ್ಟಿಗೆಯ ನೆಲ ಇದಕ್ಕೆ ವಿರುದ್ಧ ಸ್ವಭಾವದ್ದು. ಒಣಗಿದಾಗ ಅದು ಸವಾರಿಗೆ ಅತ್ಯುತ್ತಮವಾದದ್ದು, ಸದ್ದಿಲ್ಲದೆ ಓಡುವಷ್ಟು ನಯವಾದದ್ದು. ನೆನೆದಾಗ ಮೇಲ್ಪದರ ಲೋಳೆಯಂತಾಗಿ ಏರಿನಲ್ಲಿ ಹಿಂಚಕ್ರ ಇದ್ದಲ್ಲೇ ಸುತ್ತುತ್ತದೆ, ಇಳಿಜಾರಿನಲ್ಲಿ ಸೈಕಲ್ ತಾನಾಗಿಯೇ ಚರಂಡಿಯ ಕಡೆಗೆ ಸರಿಯುತ್ತದೆ. ಮೂರನೆಯದು ಎರೆಮಣ್ಣು. ಕಡೂರಿನ ಪೂರ್ವಕ್ಕೂ ಹೊಸಪೇಟೆಯ ಸುತ್ತಮುತ್ತಲೂ ಅಲ್ಲಲ್ಲಿ ಕಾಣುವ ಈ ಕಪ್ಪು ನೆಲ ಒಣಗಿದಾಗ ಬಿರುಕು ಬಿಟ್ಟಿರುತ್ತದೆ, ಒಂದು ಮಳೆ ಬಂದರೆ ಟೈರು ಮತ್ತು ಫೋರ್ಕಿನ ನಡುವೆ ತುಂಬಿಕೊಂಡು ಚಕ್ರವನ್ನು ನಿಲ್ಲಿಸಿಯೇ ಬಿಡುತ್ತದೆ. ಎರೆಯಲ್ಲಿ ಮಳೆ ಸಿಕ್ಕರೆ ಗೇರನ್ನು ಒತ್ತಾಯಿಸಿ ತುಳಿಯಬಾರದು. ಗೇರು ಬದಲಿಸುವ ಭಾಗವನ್ನು ಚೌಕಟ್ಟಿಗೆ ಹಿಡಿಸುವ ಹಿಂದಿನ ಡಿರೇಲರ್ ಹ್ಯಾಂಗರ್ ಮುರಿಯುವುದು ಹೆಚ್ಚಾಗಿ ಇಂಥ ಸಂದರ್ಭದಲ್ಲಿಯೇ, ಹಾಗೂ ಆ ಚಿಕ್ಕ ಲೋಹದ ತುಂಡು ತಾಲ್ಲೂಕು ಕೇಂದ್ರದ ಸೈಕಲ್ ಅಂಗಡಿಯಲ್ಲಿ ಸಿಗುವುದಿಲ್ಲ.

ಬೆಂಗಳೂರಿನ ಎರಡು ಸುತ್ತುಗಳು

ಉತ್ತರದ ಸುತ್ತು ಮತ್ತು ಪಶ್ಚಿಮದ ಸುತ್ತು ಒಂದೇ ನದಿಯ ದಂಡೆಯವು ಎಂಬುದು ನಕ್ಷೆಯನ್ನು ಹರಡಿ ನೋಡಿದಾಗ ತಿಳಿಯುತ್ತದೆ. ಅರ್ಕಾವತಿ ಹುಟ್ಟುವುದು ನಂದಿಬೆಟ್ಟದಲ್ಲಿ. ಹೆಸರಘಟ್ಟ ಮತ್ತು ತಿಪ್ಪಗೊಂಡನಹಳ್ಳಿಯ ಜಲಾಶಯಗಳನ್ನು ದಾಟಿ ಸಾವನದುರ್ಗದ ಬಳಿ ಮಂಚನಬೆಲೆಯಲ್ಲಿ ಮತ್ತೆ ಅಣೆಕಟ್ಟಿಗೆ ಸಿಕ್ಕಿ, ರಾಮನಗರ ಮತ್ತು ಕನಕಪುರದ ಕಡೆ ಹರಿದು ಕೊನೆಗೆ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಮೇಲ್ದಂಡೆಯ ನೆಲ ಬಯಲು ಬಯಲಾಗಿದ್ದು ಬೆಟ್ಟಗಳು ಬಿಡಿಬಿಡಿಯಾಗಿ ನಿಂತಿವೆ. ಕೆಳದಂಡೆಯಲ್ಲಿ ಕಣಿವೆ ಆಳವಾಗಿ, ಕುರುಚಲು ಕಾಡು ದಟ್ಟವಾಗಿ, ಏರಿಳಿತ ಚಿಕ್ಕದಾದರೂ ಬಿಡುವಿಲ್ಲದೆ ಬರುತ್ತದೆ. ಹೊಸಬರು ಯಾವುದರಿಂದ ಆರಂಭಿಸಬೇಕು ಎಂಬುದಕ್ಕೆ ಉತ್ತರ ಈ ವ್ಯತ್ಯಾಸದಲ್ಲಿಯೇ ಇದೆ: ಉತ್ತರದಿಂದ.

ಉತ್ತರದ ಸುತ್ತಿನಲ್ಲಿ 1478 ಮೀಟರ್ ಎತ್ತರದ ನಂದಿಬೆಟ್ಟವನ್ನು ಹತ್ತುವುದು ಸೈಕಲ್ ಸವಾರರಿಗೆ ಬಹಳ ಪರಿಚಿತವಾದ ಕೆಲಸ. ಆದರೆ ಅದು ಪೂರ್ತಿ ಡಾಂಬರಿನ ರಸ್ತೆ, ವಾರಾಂತ್ಯದ ಬೆಳಗಿನಲ್ಲಿ ಕಾರುಗಳ ಸಾಲು ಹರಿಯುವ ರಸ್ತೆ. ಗ್ರಾವೆಲ್ ಸೈಕಲ್‌ಗೆ ಬೇಕಾದದ್ದು ಬೆಟ್ಟದ ಬುಡದಲ್ಲಿದೆ. ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದಿಂದ ಹೊರಟು ದ್ರಾಕ್ಷಿ ತೋಟ, ನೀಲಗಿರಿ ತೋಪು ಮತ್ತು ರಾಗಿ ಹೊಲಗಳ ನಡುವಿನ ಬಂಡಿದಾರಿಗಳನ್ನು ಹಿಡಿದು ಪಶ್ಚಿಮಕ್ಕೆ ಸಾಗಿ, ಘಾಟಿ ಸುಬ್ರಹ್ಮಣ್ಯವನ್ನು ಮುಟ್ಟಿ, ಮಾಕಳಿದುರ್ಗದ ರೈಲು ಹಳಿಯ ಸಮೀಪ ಹಾದು ಹಿಂತಿರುಗಿದರೆ ಒಂದು ದಿನಕ್ಕೆ ಹಿತವಾದ ಸವಾರಿಯಾಗುತ್ತದೆ. ಇನ್ನೂ ಶಕ್ತಿ ಉಳಿದವರು ಗುಂಡಮಗೆರೆ ಕೆರೆಯವರೆಗೆ ಹೋಗಬಹುದು. ಚಳಿಗಾಲದಲ್ಲಿ ಅಲ್ಲಿ ನೀರುಹಕ್ಕಿಗಳು ಚೆನ್ನಾಗಿ ಕಾಣಸಿಗುತ್ತವೆ. ಈ ಭಾಗದ ದೊಡ್ಡ ಅನುಕೂಲವೆಂದರೆ ಎಲ್ಲಿ ಆಯಾಸವಾದರೂ ಐದಾರು ಕಿಲೊಮೀಟರಿನೊಳಗೆ ಡಾಂಬರು ರಸ್ತೆ, ಒಂದು ಊರು, ಒಂದು ಚಹಾ ಅಂಗಡಿ ಸಿಗುತ್ತದೆ. ಟೈರು ಒಡೆದರೆ ದೊಡ್ಡಬಳ್ಳಾಪುರಕ್ಕೆ ಟೆಂಪೊ ಸಿಗುವುದೂ ಕಷ್ಟವಲ್ಲ.

ಅನನುಕೂಲಗಳೂ ಇವೆ. ಚಿಕ್ಕಬಳ್ಳಾಪುರದ ಸುತ್ತ ಕಲ್ಲು ಗಣಿಗಳು ಮತ್ತು ಕ್ರಷರ್‌ಗಳು ಇರುವುದರಿಂದ ನಕ್ಷೆಯಲ್ಲಿ ಸುಂದರವಾಗಿ ಕಾಣುವ ಕೆಲವು ಮಣ್ಣುದಾರಿಗಳು ಟಿಪ್ಪರ್‌ಗಳ ದಾರಿಯಾಗಿವೆ. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಈ ಭಾಗದ ಕೆರೆಗಳಿಗೆ ಹರಿಸಲು ಆರಂಭಿಸಿದ ಮೇಲೆ, ಹಿಂದೆ ಬೇಸಿಗೆಯಲ್ಲಿ ಒಣಗಿ ಅಡ್ಡದಾರಿಯಾಗುತ್ತಿದ್ದ ಕೆರೆಯಂಗಳಗಳು ಈಗ ನೀರು ತುಂಬಿಕೊಂಡಿರಬಹುದಾದ್ದರಿಂದ, ಹಳೆಯ ಸವಾರಿಗಳ ದಾಖಲೆಯನ್ನು ನಂಬಿ ಹೋಗುವುದು ಸಲ್ಲ. ಡಿಸೆಂಬರ್ ಮತ್ತು ಜನವರಿಯಲ್ಲಿ ಇನ್ನೊಂದು ಎಚ್ಚರ ಬೇಕು. ರಾಗಿ, ಹುರುಳಿಯ ಕೊಯ್ಲು ಮುಗಿದು ಒಕ್ಕಣೆಯ ಕಾಲ ಬಂದಾಗ ರೈತರು ಬೆಳೆಯನ್ನು ಊರ ರಸ್ತೆಗೇ ಹಾಸುತ್ತಾರೆ. ಹುರುಳಿಯ ಬಳ್ಳಿ ಮೇಲ್ನೋಟಕ್ಕೆ ಮೆತ್ತಗಿನ ಹಾಸಿನಂತೆ ಕಂಡರೂ ಚಕ್ರ ಅದರೊಳಗೆ ಇಳಿದ ಕೂಡಲೇ ಎಳೆಗಳು ಹಿಂದಿನ ಗೇರಿನ ಹಲ್ಲುಗಳಿಗೆ ಸುತ್ತಿಕೊಂಡು ಬಿಗಿಯುತ್ತವೆ, ಅದನ್ನು ಬಿಡಿಸಲು ಚಾಕು ಬೇಕಾಗುತ್ತದೆ. ಅದು ಒಬ್ಬರ ವರ್ಷದ ದುಡಿಮೆಯೂ ಹೌದು. ಇಳಿದು, ಬದಿಯಲ್ಲಿ ಸೈಕಲ್ ಎತ್ತಿಕೊಂಡು ದಾಟುವುದೇ ಸರಿಯಾದ ರೀತಿ.

ಪಶ್ಚಿಮದ ಸುತ್ತಿನ ಕೇಂದ್ರ ಸಾವನದುರ್ಗ. ಮಾಗಡಿ ತಾಲ್ಲೂಕಿನ ಈ ಏಕಶಿಲಾ ಬೆಟ್ಟ 1226 ಮೀಟರ್ ಎತ್ತರವಿದ್ದು, ಕರಿಗುಡ್ಡ ಮತ್ತು ಬಿಳಿಗುಡ್ಡ ಎಂಬ ಎರಡು ಭಾಗಗಳಾಗಿ ನಿಂತಿದೆ. ಬುಡದಲ್ಲಿ ವೀರಭದ್ರಸ್ವಾಮಿ ಮತ್ತು ನರಸಿಂಹಸ್ವಾಮಿಯ ದೇವಸ್ಥಾನಗಳಿವೆ. ಮಾಗಡಿಯಿಂದ ಬೆಟ್ಟದ ಬುಡಕ್ಕೆ, ಅಲ್ಲಿಂದ ಮಂಚನಬೆಲೆಯ ಹಿನ್ನೀರಿನ ಕಡೆಗೆ, ಮತ್ತೆ ಹಳ್ಳಿ ರಸ್ತೆಗಳ ಮೂಲಕ ಮಾಗಡಿಗೆ ಬರುವ ಸುತ್ತು ದೂರದಲ್ಲಿ ಉತ್ತರದ ಸುತ್ತಿಗಿಂತ ಚಿಕ್ಕದು, ಶ್ರಮದಲ್ಲಿ ದೊಡ್ಡದು. ದಾರಿಯಲ್ಲಿ ಬಂಡೆಯೇ ನೆಲವಾಗಿರುವ ಜಾಗಗಳು ಬರುತ್ತವೆ. ಒಣಗಿದ್ದಾಗ ಅದಕ್ಕಿಂತ ಒಳ್ಳೆಯ ಹಿಡಿತ ಬೇರೆಲ್ಲೂ ಇಲ್ಲ, ಪಾಚಿ ಕಟ್ಟಿದಾಗ ಅದಕ್ಕಿಂತ ಅಪಾಯದ ಜಾಗವೂ ಇಲ್ಲ. ಕಾಡಾನೆಗಳು ಈ ಭಾಗದಲ್ಲಿ ಓಡಾಡುತ್ತವೆ, ಚಿರತೆ ಮತ್ತು ಕರಡಿಗಳೂ ಇವೆ. ಬೆಳಗಿನ ಜಾವದ ಮಬ್ಬಿನಲ್ಲಿ ಹೊರಡುವ ಬೆಂಗಳೂರಿನ ಸೈಕಲ್ ಅಭ್ಯಾಸ ಇಲ್ಲಿಗೆ ಒಗ್ಗುವುದಿಲ್ಲ. ಬಿಸಿಲು ಚೆನ್ನಾಗಿ ಬಿದ್ದ ಮೇಲೆಯೇ ಕಾಡಂಚಿನ ದಾರಿಗೆ ಇಳಿಯಬೇಕು, ಹಿಂದಿನ ರಾತ್ರಿ ಆನೆ ಎಲ್ಲಿತ್ತು ಎಂದು ಮೊದಲು ಸಿಕ್ಕ ಹಳ್ಳಿಯವರನ್ನು ಕೇಳಬೇಕು. ಹಿನ್ನೀರು ಕಂಡ ಕೂಡಲೇ ಈಜಲು ಇಳಿಯುವ ಆಸೆ ಬೇಡ. ಮಂಚನಬೆಲೆಯಲ್ಲಿ ಮುಳುಗಿ ಸತ್ತವರ ಸುದ್ದಿ ಮತ್ತೆ ಮತ್ತೆ ಬರುತ್ತಲೇ ಇದೆ.

ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ, ಒಬ್ಬರೇ ಹೋಗುವವರಿಗೆ ಮತ್ತು ಮೊದಲ ವರ್ಷದ ಸವಾರರಿಗೆ ಉತ್ತರದ ಸುತ್ತು, ಮೂರು ನಾಲ್ಕು ಜನರ ಅನುಭವಿ ಗುಂಪಿಗೆ ಪಶ್ಚಿಮದ ಸುತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡು ಮಳೆಯಲ್ಲಿ ಮುಳುಗಿರುವಾಗ ಇವೆರಡೂ ತುಂತುರು ಮಳೆ, ಮೋಡ ಮತ್ತು ತಂಪು ಗಾಳಿಯಲ್ಲಿ ಸವಾರಿಗೆ ಅತ್ಯಂತ ಹಿತವಾಗಿರುತ್ತವೆ; ಸೆಪ್ಟೆಂಬರ್, ಅಕ್ಟೋಬರಿನ ಸಂಜೆಯ ಗುಡುಗು ಮಳೆಯ ದಿನಗಳಲ್ಲಿ ಮಾತ್ರ ಮಧ್ಯಾಹ್ನದೊಳಗೆ ಮುಗಿಸುವಂತೆ ಹೊರಡಬೇಕು.

ಕಡೂರಿನಿಂದ ಅಯ್ಯನಕೆರೆಯ ಮೂಲಕ

ಕಾಡು, ಕೆರೆ ಮತ್ತು ಬೆಟ್ಟ ಮೂರೂ ಒಂದೇ ಸವಾರಿಯಲ್ಲಿ, ಒಂದರಿಂದ ಇನ್ನೊಂದು ಹುಟ್ಟಿದಂತೆ ಕಾಣುವ ಮಾರ್ಗ ಇದೊಂದೇ. ಆದ್ದರಿಂದ ಐದರಲ್ಲಿ ನನ್ನ ಮೊದಲ ಆಯ್ಕೆ ಇದು ಎಂದು ಇಲ್ಲಿಯೇ ಹೇಳಿಬಿಡುತ್ತೇನೆ. ಬಾಬಾಬುಡನ್ ಗಿರಿಶ್ರೇಣಿಯ ಪೂರ್ವದ ಇಳಿಜಾರಿನಲ್ಲಿ ವೇದಾ ಮತ್ತು ಅವತಿ ಎಂಬ ಎರಡು ತೊರೆಗಳು ಹುಟ್ಟುತ್ತವೆ. ಮೊದಲನೆಯದರ ನೀರು ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯಲ್ಲಿ, ಎರಡನೆಯದರ ನೀರು ಉತ್ತರಕ್ಕಿರುವ ಮದಗದ ಕೆರೆಯಲ್ಲಿ ನಿಲ್ಲುತ್ತದೆ. ಎರಡೂ ಕಡೂರಿನ ಸಮೀಪ ಕೂಡಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರದ ಕಡೆಗೆ ಹರಿಯುತ್ತವೆ. ಕಡೂರಿನ ರೈಲು ನಿಲ್ದಾಣದಿಂದ ಹೊರಟ ಸವಾರನು ಈ ನೀರು ಬಂದ ದಾರಿಯನ್ನೇ ಹಿಮ್ಮುಖವಾಗಿ ಹಿಡಿದು, ತೆಂಗಿನ ಬಯಲಿನಿಂದ ಕೆರೆಗೆ, ಕೆರೆಯಿಂದ ಬೆಟ್ಟದ ಬುಡಕ್ಕೆ, ಬುಡದಿಂದ ಕಾಫಿಯ ನಾಡಿಗೆ ಏರುತ್ತಾನೆ.

ಕಡೂರಿನಿಂದ ಚಿಕ್ಕಮಗಳೂರಿಗೆ ಹೆದ್ದಾರಿಯಲ್ಲಿ ಸುಮಾರು 40 ಕಿಲೊಮೀಟರ್. ಅಯ್ಯನಕೆರೆಯನ್ನು ಬಳಸಿ, ಹಳ್ಳಿದಾರಿಗಳನ್ನು ಹಿಡಿದು ಹೋದರೆ 55ರಿಂದ 60 ಆಗುತ್ತದೆ. ಸಖರಾಯಪಟ್ಟಣದವರೆಗಿನ ಬಯಲು ಸುಲಭವಾದದ್ದು, ಅಲ್ಲಲ್ಲಿ ಎರೆಮಣ್ಣಿನ ಪಟ್ಟಿಗಳಿರುವುದರಿಂದ ಮಳೆ ಬಿದ್ದ ದಿನ ಡಾಂಬರಿನಲ್ಲೇ ಉಳಿಯುವುದು ಲೇಸು. ಅಲ್ಲಿಂದ ಪಶ್ಚಿಮಕ್ಕೆ ತಿರುಗಿದ ಮೇಲೆ ಶಕುನಗಿರಿ ದಿನವಿಡೀ ಕಣ್ಣೆದುರಿಗೇ ಇರುತ್ತದೆ. ಅಯ್ಯನಕೆರೆ ಅದರ ಬುಡದಲ್ಲಿ ಹರಡಿಕೊಂಡಿದೆ. ಮಳೆಗಾಲ ಚೆನ್ನಾಗಿ ಆದ ವರ್ಷ ಕೋಡಿ ಬಿದ್ದು ನೀರು ಹೊರ ಹರಿಯುವಾಗ ನೋಡಲು ಸುತ್ತಲಿನ ಊರುಗಳ ಜನರೆಲ್ಲ ಬರುತ್ತಾರೆ. ಆ ದಿನಗಳಲ್ಲಿ ಸೈಕಲ್‌ಗೆ ಏರಿಯ ಮೇಲೆ ಜಾಗವಿರುವುದಿಲ್ಲ.

ಏರಿಯ ಮೇಲಿನ ಸವಾರಿಯ ಬಗ್ಗೆ ಎರಡು ಮಾತು ಹೇಳಬೇಕು. ಒಂದು ಬದಿಗೆ ಅಲೆಯ ಹೊಡೆತ ತಡೆಯಲು ಜೋಡಿಸಿದ ಕಲ್ಲುಕಟ್ಟೆ ನೀರಿನೊಳಕ್ಕೆ ಇಳಿದಿರುತ್ತದೆ, ಇನ್ನೊಂದು ಬದಿಗೆ ಗದ್ದೆಯ ಕಡೆಗೆ ಕಡಿದಾದ ಇಳಿಜಾರು. ನಡುವಿನ ದಾರಿಯಲ್ಲಿ ಹುಲ್ಲಿನ ಹೊರೆ ಕಟ್ಟಿಕೊಂಡ ಮೊಪೆಡ್ ಎದುರಾದರೆ ಹೊರೆಯ ಅಗಲ ದಾರಿಯ ಅಗಲಕ್ಕೆ ಸಮನಾಗಿರುತ್ತದೆ. ಇಳಿದು, ಸೈಕಲ್ಲನ್ನು ಗದ್ದೆಯ ಬದಿಗೆ ಹಿಡಿದು ನಿಂತು ದಾರಿ ಬಿಡುವುದು ವಾಡಿಕೆ. ತೂಬಿನ ಹತ್ತಿರ ನೀರುಗಂಟಿ ಸಿಕ್ಕರೆ ನಿಂತು ಮಾತನಾಡಿಸಬೇಕು. ಕೆರೆಯ ಆಚೆ ದಂಡೆಯ ದಾರಿ ಕೆಸರಾಗಿದೆಯೋ, ಬೇಲಿ ಬಿದ್ದಿದೆಯೋ, ಯಾವ ಕಡೆ ಆನೆಯ ಸುದ್ದಿಯಿದೆಯೋ ಎಂಬುದನ್ನು ಅವರಷ್ಟು ಖಚಿತವಾಗಿ ಯಾವ ಮೊಬೈಲ್ ನಕ್ಷೆಯೂ ಹೇಳಲಾರದು.

ಕೆರೆಯಿಂದ ಮುಂದೆ ಎರಡು ದಾರಿಗಳು ಕವಲೊಡೆಯುತ್ತವೆ. ಬೆಟ್ಟದ ಪೂರ್ವದ ಬುಡವನ್ನೇ ಹಿಡಿದು ಎಮ್ಮೆದೊಡ್ಡಿ, ಮದಗದ ಕೆರೆ, ಲಿಂಗದಹಳ್ಳಿಯ ಕಡೆಗೆ ಉತ್ತರಕ್ಕೆ ಹೋಗುವುದು ಒಂದು; ಇದು ಮಳೆಯ ನೆರಳಿನ ಒಣ ನಾಡು, ಕುರುಚಲು ಕಾಡು, ಊರುಗಳ ನಡುವೆ ಅಂತರ ಹೆಚ್ಚು, ಮಣ್ಣುದಾರಿಯ ಪಾಲೂ ಹೆಚ್ಚು. ಲಿಂಗದಹಳ್ಳಿಯಿಂದ ಕಲ್ಲತ್ತಿಗಿರಿ ಮತ್ತು 1434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಗೆ ಏರುವ ರಸ್ತೆ ಡಾಂಬರಿನದ್ದಾದರೂ ಕಾಲಿನ ಬಲವನ್ನು ಚೆನ್ನಾಗಿಯೇ ಪರೀಕ್ಷಿಸುತ್ತದೆ. ಇನ್ನೊಂದು ದಾರಿ ದಕ್ಷಿಣಕ್ಕೆ ಚಿಕ್ಕಮಗಳೂರಿಗೆ. ಅಲ್ಲಿ ಒಂದು ರಾತ್ರಿ ತಂಗಿ, ಮರುದಿನ ಪಟ್ಟಣದಿಂದ ಸುಮಾರು 10 ಕಿಲೊಮೀಟರ್ ದೂರದ ಹಿರೇಕೊಳಲೆ ಕೆರೆಗೆ ಹೋಗಿ, ಅದರಾಚೆಯ ಕಾಫಿ ಸೀಮೆಯ ಸಾರ್ವಜನಿಕ ರಸ್ತೆಗಳಲ್ಲಿ ಅಡ್ಡಾಡಬಹುದು.

ಮುಳ್ಳಯ್ಯನಗಿರಿಯನ್ನು ಈ ಸವಾರಿಗೆ ಸೇರಿಸಬೇಕೇ ಎಂಬ ಪ್ರಶ್ನೆ ಎಲ್ಲರಲ್ಲೂ ಏಳುತ್ತದೆ. ಸುಮಾರು 1930 ಮೀಟರ್ ಎತ್ತರದ ಈ ಶಿಖರ ಕರ್ನಾಟಕದಲ್ಲೇ ಎತ್ತರವಾದದ್ದು, ಪಟ್ಟಣದಿಂದ ಏರಬೇಕಾದ ಎತ್ತರ 800 ಮೀಟರಿಗೂ ಹೆಚ್ಚು. ಏರುವ ಸುಖಕ್ಕೆ ಹೋಗುವುದಾದರೆ ವಾರದ ಮಧ್ಯದ ದಿನ ಬೆಳಿಗ್ಗೆ ಹೋಗಬೇಕು. ಕಿರಿದಾದ ರಸ್ತೆಯಲ್ಲಿ ವಾರಾಂತ್ಯದ ವಾಹನಗಳ ಹೊಗೆಯ ಹಿಂದೆ ತುಳಿಯುವುದರಲ್ಲಿ ಸುಖವಿಲ್ಲ. ಮೇಲೆ ಹುಲ್ಲುಗಾವಲಿನ ಮೇಲೆ ಜೀಪಿನ ಹಳೆಯ ಗುರುತುಗಳು ಆಸೆ ಹುಟ್ಟಿಸುವಂತೆ ಹರಿದಿರುತ್ತವೆ. ಆ ಹುಲ್ಲಿನ ಕೆಳಗಿನ ಮಣ್ಣು ತೆಳುವಾದದ್ದು, ಒಮ್ಮೆ ಟೈರಿನ ಗೀರು ಬಿದ್ದರೆ ಮುಂದಿನ ಮಳೆಯ ನೀರು ಅದನ್ನೇ ಕಾಲುವೆ ಮಾಡಿಕೊಂಡು ಕೊರೆಯುತ್ತದೆ. ಕಣಿವೆಯ ಮಡಿಲಿನ ಶೋಲಾ ಎಂಬ ಕುಳ್ಳು ಮರಗಳ ದಟ್ಟ ಕಾಡಿಗೆ ನೀರು ಹಿಡಿದುಕೊಡುವುದು ಇದೇ ಹುಲ್ಲು. ಅಲ್ಲಿಗೆ ಸೈಕಲ್ ಇಳಿಸುವುದನ್ನು ಯಾರೂ ನೋಡದಿದ್ದರೂ ಮಾಡಬಾರದು ಎಂದೇ ನಾನು ಭಾವಿಸುತ್ತೇನೆ.

ಕಾಫಿ ತೋಟಗಳೊಳಗಿನ ರಸ್ತೆಗಳು ಖಾಸಗಿಯವು. ಗೇಟು ತೆರೆದಿದೆ ಎಂಬ ಮಾತ್ರಕ್ಕೆ ಒಳನುಗ್ಗದೆ ತೋಟದ ಲೆಕ್ಕ ನೋಡುವ ರೈಟರನ್ನೋ ಮಾಲೀಕರನ್ನೋ ಕೇಳಿದರೆ ಒಪ್ಪಿಗೆ ಸಿಗುವುದು ಅಪರೂಪವಲ್ಲ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಕೊಯ್ಲಿನ ಗಡಿಬಿಡಿ, ಪಿಕಪ್ ಜೀಪುಗಳ ಓಡಾಟ. ಆ ಕಾಲದಲ್ಲಿ ಕೇಳದಿರುವುದೇ ಮೇಲು. ಕಾಫಿ ಹೂ ಅರಳಿಸುವ ಹೂಮಳೆಗಾಗಿ ಕಾಯುವ ತಿಂಗಳುಗಳಲ್ಲಿ ತೋಟಗಳಲ್ಲಿ ಸ್ಪ್ರಿಂಕ್ಲರ್ ಓಡುತ್ತಿರುತ್ತದೆ. ಅದರ ನೀರು ಬೇಲಿ ದಾಟಿ ರಸ್ತೆಗೂ ಬೀಳುವುದರಿಂದ, ಧೂಳು ಏಳುತ್ತಿರುವ ಬಿರುಬಿಸಿಲಿನಲ್ಲಿ ತಿರುವೊಂದನ್ನು ದಾಟಿದ ಕೂಡಲೇ ಲೋಳೆಮಣ್ಣಿನ ಪಟ್ಟಿ ಸಿಗಬಹುದು. ಈ ಮಾರ್ಗಕ್ಕೆ ಅತ್ಯುತ್ತಮ ಕಾಲ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರದವರೆಗೆ: ಕೆರೆಗಳಲ್ಲಿ ನೀರಿರುತ್ತದೆ, ಮಣ್ಣು ಆರಿರುತ್ತದೆ, ಬೆಟ್ಟ ಇನ್ನೂ ಹಸಿರಾಗಿರುತ್ತದೆ.

ಶರಾವತಿಯ ಹಿನ್ನೀರು

ಐದರಲ್ಲಿ ಅತ್ಯಂತ ಕಾಡಿನ ಮಾರ್ಗ ಇದು, ಅತ್ಯಂತ ಜವಾಬ್ದಾರಿ ಬೇಡುವುದೂ ಇದೇ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ನೀರು ನುಗ್ಗಿದ ಕಣಿವೆಗಳು, ನಡುಗಡ್ಡೆಯಾದ ಗುಡ್ಡಗಳು, ಮುಳುಗಡೆಯಲ್ಲಿ ಊರು ಕಳೆದುಕೊಂಡವರ ಹೊಸ ಊರುಗಳು, ಅಡಿಕೆ ತೋಟ, ತೋಟಕ್ಕೆ ಸೊಪ್ಪು ಕೊಡುವ ಸೊಪ್ಪಿನ ಬೆಟ್ಟ ಇವುಗಳ ನಡುವೆ ಕೆಮ್ಮಣ್ಣಿನ ರಸ್ತೆಗಳು ಬಳ್ಳಿಯಂತೆ ಹರಡಿವೆ. ಸಾಗರದಿಂದ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ, ಅಲ್ಲಿಂದ ಆವಿನಹಳ್ಳಿ, ಮುಂದೆ ಅಂಬಾರಗೋಡ್ಲು, ಹಿನ್ನೀರು ದಾಟಿ ಕಳಸವಳ್ಳಿ, ಸಿಗಂದೂರು, ತುಮರಿ, ಬ್ಯಾಕೋಡು ಎಂದು ಎರಡು ದಿನಗಳಿಗೆ ಹಂಚಿಕೊಳ್ಳುವುದು ಒಳ್ಳೆಯ ಕ್ರಮ. 2025ರ ಜುಲೈಯಲ್ಲಿ ಸುಮಾರು 2.4 ಕಿಲೊಮೀಟರ್ ಉದ್ದದ ಸೇತುವೆ ತೆರೆಯುವವರೆಗೆ ಈ ದಾಟು ಲಾಂಚ್ ಅನ್ನೇ ನಂಬಿತ್ತು. ಹಿನ್ನೀರಿನಾಚೆಯ ಜನರಿಗೆ, ಅದರಲ್ಲೂ ಆಸ್ಪತ್ರೆಗೆ ಹೊರಟ ರೋಗಿಗಳಿಗೆ, ಸೇತುವೆ ಎಷ್ಟೋ ವರ್ಷಗಳ ಬೇಡಿಕೆಯಾಗಿತ್ತು, ಅದು ಬಂದದ್ದು ದೊಡ್ಡ ನೆಮ್ಮದಿ. ಸವಾರರು ತಿಳಿದಿರಬೇಕಾದದ್ದು ಇಷ್ಟು: ಸಿಗಂದೂರಿನ ಮುಖ್ಯ ರಸ್ತೆಯಲ್ಲಿ ಯಾತ್ರಿಕರ ವಾಹನಗಳನ್ನು ಎದುರಿಸಬೇಕಾಗುತ್ತದೆ, ಶಾಂತವಾದ ಸವಾರಿ ಬೇಕಾದವರು ಒಳದಾರಿಗಳನ್ನು ಹುಡುಕಬೇಕು.

ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಹಿನ್ನೀರಿನ ತಳ ಬಯಲಾಗಿ ತೆರೆದುಕೊಳ್ಳುತ್ತದೆ. ನೀರು ತೀರಾ ಇಳಿದ ವರ್ಷಗಳಲ್ಲಿ ಲಿಂಗನಮಕ್ಕಿಗಿಂತ ಹಿಂದೆ ಕಟ್ಟಿದ್ದ ಮಡೆನೂರು ಅಣೆಕಟ್ಟೂ ಮೇಲೆ ಕಾಣುತ್ತದೆ. ಆ ಬಯಲಿನ ಮೇಲೆ ಸವಾರಿ ಮಾಡಲು ಮನಸ್ಸು ಸೆಳೆಯುವುದು ಸಹಜ. ದಂಡೆಯ ಹತ್ತಿರ ಬಿರುಕು ಬಿಟ್ಟ ಗಟ್ಟಿ ನೆಲವಿದ್ದರೂ ನೀರಿನತ್ತ ಹೋದಂತೆ ಒಣಗಿದ ತೆಳು ಪದರದ ಕೆಳಗೆ ಹೂಳು ಹಸಿಯಾಗಿಯೇ ಇರುತ್ತದೆ, ಮುಂದಿನ ಚಕ್ರ ಅಚ್ಚಿನವರೆಗೆ ಇಳಿಯುತ್ತದೆ. ದನಗಳು ನಡೆದ ಗೆರೆಯನ್ನು ಬಿಟ್ಟು ಹೋಗದಿದ್ದರೆ ಅಪಾಯವಿಲ್ಲ.

ಈ ಮಾರ್ಗದ ನಿಜವಾದ ತೊಡಕು ಕಾಲದ್ದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ, ಇಂಬಳ (ಕಾಡಿನ ಜಿಗಣೆ), ಲೋಳೆಮಣ್ಣು. ಮಣ್ಣು ಆರಿ ದಾರಿ ಹದವಾಗುವ ತಿಂಗಳುಗಳೇ ಮಂಗನ ಕಾಯಿಲೆಯ ತಿಂಗಳುಗಳೂ ಹೌದು. ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಈ ರೋಗ ಉಣ್ಣಿಗಳಿಂದ ಹರಡುತ್ತದೆ. ಸಾಗರ ತಾಲ್ಲೂಕಿನ ಅರಲಗೋಡು ಭಾಗದಲ್ಲಿ 2019ರಲ್ಲಿ ಸಾವುನೋವುಗಳಾದವು. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಹೋಗುವವರು ತರಗೆಲೆಯ ಮೇಲೆ ಕೂರಬಾರದು, ಕಾಡೊಳಗಿನ ಕಾಲುದಾರಿ ಬಿಟ್ಟು ಊರ ರಸ್ತೆಯಲ್ಲೇ ಸಾಗಬೇಕು, ಕಾಲು ಪೂರ್ತಿ ಮುಚ್ಚುವ ಬಟ್ಟೆ ತೊಡಬೇಕು, ಆರೋಗ್ಯ ಇಲಾಖೆ ಈ ಭಾಗದಲ್ಲಿ ಹಂಚುವ ಡೆಪಾ ತೈಲದಂಥ ಉಣ್ಣಿ ನಿವಾರಕವನ್ನು ಹಚ್ಚಿಕೊಳ್ಳಬೇಕು, ಸಂಜೆ ಬಿಸಿನೀರಿನಲ್ಲಿ ಮಿಂದು ಮೈಯನ್ನು ಪರೀಕ್ಷಿಸಿಕೊಳ್ಳಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಬೇಕು. ಮನೆಗೆ ಮರಳಿದ ವಾರದಲ್ಲಿ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಇಷ್ಟೆಲ್ಲ ನೋಡಿದಾಗ ಮಳೆ ನಿಂತು ಚಳಿ ಹುಟ್ಟುವ ನವೆಂಬರ್ ಒಂದೇ ತಿಂಗಳನ್ನು ನಾನು ಧೈರ್ಯವಾಗಿ ಶಿಫಾರಸು ಮಾಡಬಲ್ಲೆ.

ಆನೆಗೊಂದಿ ಮತ್ತು ಸಾಣಾಪುರ

ಇಲ್ಲಿ ಹೇಳಬೇಕಾದದ್ದು ಕಡಿಮೆ, ಏಕೆಂದರೆ ಮಾರ್ಗ ಸರಳ. ಹೊಸಪೇಟೆಯಿಂದ ಕಮಲಾಪುರ, ಹಂಪಿ, ಬುಕ್ಕಸಾಗರ ಮತ್ತು ಕಡೆಬಾಗಿಲಿನ ಸೇತುವೆ ದಾಟಿ ಆನೆಗೊಂದಿ, ಅಲ್ಲಿಂದ ಪಂಪಾ ಸರೋವರ, ಸಾಣಾಪುರದ ಕೆರೆ. ಉದ್ದಕ್ಕೂ ಬಂಡೆಗುಡ್ಡಗಳು, ನಡುವೆ ಭತ್ತದ ಗದ್ದೆಗಳು, ಎಡದಂಡೆ ಕಾಲುವೆಯ ಬದಿಯ ಸಮತಟ್ಟಾದ ಮಣ್ಣುರಸ್ತೆಗಳು. ಏರು ಹೆಚ್ಚಿಲ್ಲದ್ದರಿಂದ ಮನೆಯವರು, ಹದಿಹರೆಯದ ಮಕ್ಕಳು ಜೊತೆಗಿದ್ದರೂ ಸಾಗುತ್ತದೆ. ಡಿಸೆಂಬರ್ ಮತ್ತು ಜನವರಿ ಹಿತವಾದ ಕಾಲ. ಮಾರ್ಚ್ ನಂತರ 40 ಡಿಗ್ರಿ ಮುಟ್ಟುವ ಬಿಸಿಲಿನಲ್ಲಿ ಬಂಡೆಗಳು ಸಂಜೆಯವರೆಗೂ ಕಾವು ಉಗುಳುತ್ತವೆ. ಬಂಡೆಗಳ ಸಂದಿಯಲ್ಲಿ ಚಿರತೆ, ಕರಡಿಗಳಿವೆ, ಕತ್ತಲಾದ ಮೇಲೆ ಸವಾರಿ ಬೇಡ. ದರೋಜಿಯ ಕರಡಿಧಾಮವನ್ನು ಬೇರೆ ದಿನಕ್ಕೆ, ಬೇರೆ ವಾಹನಕ್ಕೆ ಇಟ್ಟುಕೊಳ್ಳಿ.

ಈ ಸೀಮೆಯ ನಿಜವಾದ ಶತ್ರು ಮುಳ್ಳು. ಬಳ್ಳಾರಿ ಜಾಲಿಯ ಬಲಿತ ಮುಳ್ಳು ತೆಳು ಟೈರನ್ನು ನೇರವಾಗಿ ದಾಟಿ ಟ್ಯೂಬಿಗೆ ಇಳಿಯುತ್ತದೆ. ಹೊಲದಂಚಿನ ನೆಗ್ಗಿಲು ಮುಳ್ಳು ಹೇಗೆ ಬಿದ್ದರೂ ಒಂದು ಮೊನೆ ಮೇಲೆ ಮಾಡಿಕೊಂಡೇ ಇರುತ್ತದೆ. ತೂತನ್ನು ತಾನೇ ಮುಚ್ಚುವ ದ್ರವ (ಸೀಲಂಟ್) ಹಾಕಿದ ಟ್ಯೂಬ್‌ಲೆಸ್ ಟೈರು ಉಳಿದ ನಾಲ್ಕು ಕಡೆ ಅನುಕೂಲ, ಇಲ್ಲಿ ಅವಶ್ಯಕತೆ.

ಕಾಡಿನ ಗಡಿ

ಮೊಬೈಲ್ ನಕ್ಷೆಯಲ್ಲಿ ಗೆರೆ ಇದೆ, ಬೇರೆಯವರು ಹೋದ ದಾಖಲೆ ಇದೆ ಎಂಬುದು ಅನುಮತಿಯಾಗುವುದಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳೊಳಗೆ ಅನುಮತಿಯಿಲ್ಲದ ಪ್ರವೇಶ ಅಪರಾಧ. ಮೀಸಲು ಅರಣ್ಯಗಳಿಗೂ ರಾಜ್ಯದ ಅರಣ್ಯ ಕಾಯ್ದೆಯ ನಿರ್ಬಂಧಗಳಿವೆ. ಮೂರನೆಯ ಮಾರ್ಗದ ಪಕ್ಕದಲ್ಲೇ ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ನಾಲ್ಕನೆಯದರ ಪಕ್ಕದಲ್ಲಿ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ ಇವೆ. ನಾನು ಇಲ್ಲಿ ಹೇಳಿದ ದಾರಿಗಳು ಸಾರ್ವಜನಿಕ ರಸ್ತೆ ಮತ್ತು ಊರದಾರಿಗಳನ್ನು ಹಿಡಿಯುವಂಥವು. ಅವುಗಳಿಂದ ಒಳಗಿನ ಮರಗಳ ನಡುವಿನ ಜೀಪುದಾರಿಗೆ ತಿರುಗುವ ಮೊದಲು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕೇಳಲೇಬೇಕು. ಮಾಕಳಿದುರ್ಗ ಮತ್ತು ಸಾವನದುರ್ಗದಂಥ ಬೆಟ್ಟಗಳನ್ನು ಹತ್ತುವುದಕ್ಕೂ ಮುಂಗಡವಾಗಿ ಆನ್‌ಲೈನ್‌ನಲ್ಲಿ ಟಿಕೆಟ್ ಪಡೆಯುವ ವ್ಯವಸ್ಥೆ ಬಂದಿದೆ. ಆನೆಯ ತಾಜಾ ಲದ್ದಿ, ಮುರಿದ ಹಸಿ ಕೊಂಬೆ ಕಂಡಲ್ಲಿ ಹಿಂತಿರುಗಬೇಕು. ಸೈಕಲ್ ಸದ್ದಿಲ್ಲದೆ ಬರುವುದರಿಂದ ಆನೆಗೂ ನಮ್ಮ ಸುಳಿವು ತಡವಾಗಿ ಸಿಗುತ್ತದೆ, ಉಬ್ಬುತಗ್ಗಿನ ದಾರಿಯಲ್ಲಿ ಅದರ ಓಟಕ್ಕೆ ನಮ್ಮ ತುಳಿತ ಸಾಲದು.

ಸೈಕಲ್ ಮತ್ತು ರೈಲು

ಟೈರಿನ ಅಗಲ ಬೆಂಗಳೂರಿನ ಎರಡು ಸುತ್ತುಗಳಿಗೂ ಆನೆಗೊಂದಿಗೂ 38ರಿಂದ 40 ಮಿಲಿಮೀಟರ್ ಇದ್ದರೆ ಸಾಕು. ಕಡೂರು ಮತ್ತು ಶರಾವತಿಯ ಮಾರ್ಗಗಳಿಗೆ ಫೋರ್ಕಿನಲ್ಲಿ ಜಾಗವಿದ್ದರೆ 45 ಹಾಕುವುದು ಮೇಲು. 70 ಕಿಲೊ ತೂಕದ ಸವಾರರಿಗೆ ಟ್ಯೂಬ್‌ಲೆಸ್ ಟೈರಿನಲ್ಲಿ 30ರಿಂದ 38 ಪಿಎಸ್‌ಐ ಗಾಳಿ ಹಿತವಾಗಿರುತ್ತದೆ, ಟ್ಯೂಬ್ ಇದ್ದರೆ ಸ್ವಲ್ಪ ಹೆಚ್ಚು ಬೇಕು. ಮುಂದಿನ ಚಿಕ್ಕ ಗೇರಿನ ಹಲ್ಲುಗಳಿಗಿಂತ ಹಿಂದಿನ ದೊಡ್ಡ ಗೇರಿನ ಹಲ್ಲುಗಳು ಹೆಚ್ಚಾಗಿದ್ದರೆ ಸಾಮಾನು ಹೊತ್ತು ಬೆಟ್ಟ ಏರುವಾಗ ಮಂಡಿಗೆ ನೋವಾಗದು. ಗ್ರಾವೆಲ್ ಸೈಕಲ್ ಇಲ್ಲದವರು ಅಗಲ ಟೈರು ಹಾಕಿದ ಹೈಬ್ರಿಡ್‌ನಲ್ಲೋ ಸಾಧಾರಣ ಎಂಟಿಬಿಯಲ್ಲೋ (ಮೌಂಟನ್ ಬೈಕ್) ಈ ಐದನ್ನೂ ಮಾಡಬಹುದು, ಡಾಂಬರಿನ ಭಾಗ ಮಾತ್ರ ಸ್ವಲ್ಪ ನಿಧಾನವಾಗುತ್ತದೆ.

ದೂರದ ಮೂರು ಮಾರ್ಗಗಳಿಗೆ ಬೆಂಗಳೂರಿನಿಂದ ರೈಲೇ ಉತ್ತಮ. ಹೊಸಪೇಟೆಗೆ ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹೊರಟು ಬೆಳಿಗ್ಗೆ ಮುಟ್ಟಿಸುತ್ತದೆ. ಸಾಗರಕ್ಕೆ ತಾಳಗುಪ್ಪದ ರಾತ್ರಿ ರೈಲು ಇದೆ. ಕಡೂರು ಮುಖ್ಯ ಮಾರ್ಗದ ಮೇಲೆಯೇ ಇರುವುದರಿಂದ ಹಗಲಿನಲ್ಲೂ ರೈಲುಗಳು ಸಿಗುತ್ತವೆ. ಸೈಕಲ್ಲನ್ನು ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಲಗೇಜ್ ಎಂದು ಬುಕ್ ಮಾಡಿ ಬ್ರೇಕ್ ವ್ಯಾನ್‌ನಲ್ಲಿ ಕಳುಹಿಸಬೇಕು, ಅದಕ್ಕೆ ರೈಲು ಹೊರಡುವುದಕ್ಕಿಂತ ಸಾಕಷ್ಟು ಮುಂಚೆ ಹೋಗಬೇಕು. ಗೇರಿನ ಬದಿಗೆ ರಟ್ಟು ಕಟ್ಟಿ, ಪೆಡಲ್ ಬಿಚ್ಚಿ, ಹೆಸರು ಮತ್ತು ಇಳಿಯುವ ನಿಲ್ದಾಣವನ್ನು ಎರಡು ಕಡೆ ಬರೆದು ಅಂಟಿಸಿರಬೇಕು. ಕಡೂರಿನಂಥ ನಡುವಿನ ನಿಲ್ದಾಣದಲ್ಲಿ ರೈಲು ನಿಲ್ಲುವುದು ಸ್ವಲ್ಪ ಹೊತ್ತು ಮಾತ್ರ; ಆದ್ದರಿಂದ ಬ್ರೇಕ್ ವ್ಯಾನಿಗೆ ಹತ್ತಿರದ ಬೋಗಿಯಲ್ಲಿ ಸೀಟು ಹಿಡಿದು, ನಿಲ್ದಾಣ ಬರುವ ಮೊದಲೇ ಬಾಗಿಲ ಬಳಿ ನಿಂತಿದ್ದು, ಗಾರ್ಡ್‌ಗೆ ರಸೀದಿ ತೋರಿಸಿ ಸೈಕಲ್ ಇಳಿಸಿಕೊಳ್ಳಬೇಕು.